ಹಳೇ ಸ್ಪ್ಲೆಂಡರ್‌ಗೆ ಸಣ್ಣಪುಟ್ಟ ಟ್ಯೂನಿಂಗ್: ಯಾವುದಕ್ಕೆ ಕೈ ಹಾಕಬೇಕು, ಯಾವುದು ದಂಡ

ನನ್ನದು ಕಾರ್ಬುರೇಟರ್ (ಪೆಟ್ರೋಲ್‌ಗೆ ಗಾಳಿ ಬೆರೆಸುವ ಭಾಗ) ಇರುವ ಹಳೇ ಸ್ಪ್ಲೆಂಡರ್ ಪ್ಲಸ್ ಬೈಕ್. ಚಿಕ್ಕಬಳ್ಳಾಪುರದಿಂದ ಗೌರಿಬಿದನೂರಿಗೆ ಕೆಲಸಕ್ಕೆ ಓಡಾಡುವುದು ಇದರಲ್ಲೇ. ಎಷ್ಟೋ ವರ್ಷದಿಂದ ಇದರ ಟ್ಯೂನಿಂಗ್ ಮನೆ ಮುಂದೆ ಕೂತು ನಾನೇ ಮಾಡಿಕೊಳ್ಳುತ್ತೇನೆ. ಪಿಕಪ್ ಜಾಸ್ತಿ ಆಗಲಿ ಅಂತ ಮಾಡುವವರಿಗೆ ಮೊದಲೇ ಹೇಳಿಬಿಡ್ತೀನಿ, ಸುಮ್ನೆ ಬಿಡಿ. 97.2 ಸಿಸಿ ಎಂಜಿನ್, ಹೆಚ್ಚುಕಮ್ಮಿ 8 ಬಿಎಚ್‌ಪಿ. ಸ್ಕ್ರೂ ತಿರುಗಿಸಿ ಅದನ್ನು 10 ಮಾಡಲಾಗದು. ಸವೆದು, ಧೂಳು ಕುಡಿದು ಕಳೆದುಕೊಂಡಿದ್ದನ್ನು ವಾಪಸ್ ಪಡೆಯಬಹುದು.

ನನಗೆ ಜಾಸ್ತಿ ಗಿಟ್ಟಿದ್ದು ಟ್ಯಾಪೆಟ್‌ನಿಂದ, ಅಂದ್ರೆ ಎಂಜಿನ್ ವಾಲ್ವ್‌ಗೂ ಅದನ್ನು ಒತ್ತಿ ತೆರೆಯುವ ರಾಕರ್ ಎಂಬ ಸಣ್ಣ ತೋಳಿಗೂ ನಡುವಿನ ಅಂತರ ಸರಿ ಮಾಡಿದ್ದರಿಂದ. ನಮ್ಮ ಕಡೆ ಟ್ಯಾಪೆಟ್ ಅಂದ್ರೆ ಸೌಂಡ್ ಲೆಕ್ಕ. ಕಟಕಟ ಅಂದರೆ ಗ್ಯಾರೇಜಿಗೆ ಹೋಗುತ್ತೇವೆ. ಅಲ್ಲಿ ಬಿಸಿ ಎಂಜಿನ್‌ನಲ್ಲೇ, ಬರೀ ಕಿವಿಯಲ್ಲಿ ಕೇಳಿಕೊಂಡು ಟೈಟ್ ಮಾಡಿ, "ಸೌಂಡ್ ಹೋಯ್ತು ನೋಡಿ ಸಾರ್" ಅನ್ನುತ್ತಾರೆ. ನಾವೂ ಖುಷಿಯಾಗಿ ಬರುತ್ತೇವೆ. ಆದರೆ ಸದ್ದೇ ಇಲ್ಲದ ಟ್ಯಾಪೆಟ್ ಮೇಲೆ ನನಗೆ ಅನುಮಾನ ಜಾಸ್ತಿ. ಅಂತರ ತೀರಾ ಕಡಿಮೆಯಾದರೆ ವಾಲ್ವ್ ಪೂರ್ತಿ ಮುಚ್ಚುವುದಿಲ್ಲ, ಕಂಪ್ರೆಷನ್ ಸೋರುತ್ತದೆ. ಹೊಗೆ ಹೊರಬಿಡುವ ಎಕ್ಸಾಸ್ಟ್ ವಾಲ್ವ್ ತನ್ನ ಬಿಸಿಯನ್ನು ಸೀಟಿಗೆ (ಅದು ಮುಚ್ಚಿ ಕೂರುವ ಜಾಗಕ್ಕೆ) ದಾಟಿಸುವುದು ಮುಚ್ಚಿಕೊಂಡಾಗಲೇ. ಸರಿಯಾಗಿ ಕೂರದಿದ್ದರೆ ನಿಧಾನಕ್ಕೆ ಸುಟ್ಟುಹೋಗುತ್ತದೆ. ನನ್ನ ಗಾಡಿಗೆ ಹೀಗೆ ಟೈಟ್ ಮಾಡಿ ಕೊಟ್ಟಾಗ ಸ್ಟಾರ್ಟ್ ಮಾಡಲು ಕಿಕ್ ಮೇಲೆ ಕಿಕ್ ಹೊಡೆಯಬೇಕಿತ್ತು. ಮಂಚೇನಹಳ್ಳಿ ದಾರಿಯ ಏರಿನಲ್ಲಿ ಮೂರನೇ ಗೇರ್ ಎಳೆಯುತ್ತಲೇ ಇರಲಿಲ್ಲ.

ಈಗ ರಾತ್ರಿಯಿಡೀ ತಣ್ಣಗಾದ ಎಂಜಿನ್ ಮೇಲೆ ಬೆಳಗ್ಗೆಯೇ ಕೆಲಸ. ಎಡಗಡೆ ಕವರ್‌ನ ಮುಚ್ಚಳ ಬಿಚ್ಚಿ, ಒಳಗೆ ತಿರುಗುವ ಮ್ಯಾಗ್ನೆಟ್ ಮೇಲಿನ 'ಟಿ' ಗುರುತನ್ನು (ಪಿಸ್ಟನ್ ತೀರಾ ಮೇಲೆ ಬಂದಿದೆ ಅನ್ನುವ ಗುರುತು) ಕವರ್‌ನ ಗೀಟಿಗೆ ಸೇರಿಸುತ್ತೇನೆ. ಎರಡೂ ರಾಕರ್ ಸ್ವಲ್ಪ ಅಲ್ಲಾಡಬೇಕು. ಅಲ್ಲಾಡದಿದ್ದರೆ ಇನ್ನೊಂದು ಸುತ್ತು ತಿರುಗಿಸಬೇಕು. ಮ್ಯಾನ್ಯುಯಲ್‌ನಲ್ಲಿ ಹೇಳಿದ ಅಳತೆಯ ಫೀಲರ್ ಗೇಜ್ ಎಲೆ (ಅಂತರ ಅಳೆಯುವ ತೆಳು ತಗಡು) ತೂರಿಸಿ ಎಳೆದರೆ ಮೆತ್ತಗೆ ಹಿಡಿದು ಹಿಡಿದು ಬರಬೇಕು. ನಿಜವಾದ ಕಷ್ಟ ಇರುವುದು ಆಮೇಲೆ. ಲಾಕ್ ನಟ್ ಬಿಗಿ ಮಾಡುವಾಗ ಸ್ಕ್ರೂ ಕೂಡ ಒಂದಿಷ್ಟು ತಿರುಗಿ ಅಳತೆ ಕೆಡುತ್ತದೆ. ಹಾಗಾಗಿ ಬಿಗಿ ಮಾಡಿದ ಮೇಲೆ ಮತ್ತೊಮ್ಮೆ ಎಲೆ ಹಾಕಿ ನೋಡಲೇಬೇಕು. ಈಗ ಸಣ್ಣಗೆ ಟಿಕ್‌ಟಿಕ್ ಸದ್ದು ಇದೆ, ಇರಲಿ. ಗಾಡಿ ಒಂದೇ ಕಿಕ್‌ಗೆ ಎದ್ದೇಳುತ್ತದೆ.

ಕಾರ್ಬುರೇಟರ್‌ನಲ್ಲಿ ಪೆಟ್ರೋಲ್-ಗಾಳಿ ಹದ ಮಾಡುವ ಏರ್ ಸ್ಕ್ರೂ ಸುಲಭ. ಎಂಜಿನ್ ಚೆನ್ನಾಗಿ ಬಿಸಿಯಾದ ಮೇಲೆ, ಐಡ್ಲಿಂಗ್ (ಆಕ್ಸಿಲರೇಟರ್ ಬಿಟ್ಟಾಗಿನ ಎಂಜಿನ್ ವೇಗ) ಎಲ್ಲಿ ಹೆಚ್ಚು ಏರುತ್ತದೋ ಅಲ್ಲಿ ಸ್ಕ್ರೂ ಬಿಟ್ಟು, ಆಮೇಲೆ ಐಡ್ಲಿಂಗ್ ಇಳಿಸುವುದು. ಸಿಗ್ನಲ್‌ನಲ್ಲಿ ಆಫ್ ಆಗುವುದು ಇದರಿಂದ ನಿಂತಿತು. ಮೈಲೇಜ್‌ನಲ್ಲಿ ಮಾತ್ರ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ. ಈ ಸ್ಕ್ರೂ ಹೆಚ್ಚಾಗಿ ಐಡ್ಲಿಂಗ್ ಮತ್ತು ಕಡಿಮೆ ಥ್ರಾಟಲ್‌ಗಷ್ಟೇ (ಆಕ್ಸಿಲರೇಟರ್ ಸ್ವಲ್ಪವೇ ತಿರುಗಿಸಿದಾಗ) ಸಂಬಂಧಿಸಿದ್ದು. 1,478 ಮೀಟರ್ ಎತ್ತರದ ನಂದಿ ಬೆಟ್ಟ ಹತ್ತುವಾಗ ಗಾಳಿ ತೆಳುವಾಗಿ ಗಾಡಿ ಸ್ವಲ್ಪ ಮಂಕಾಗುತ್ತದೆ. ಅದಕ್ಕಂತ ಸ್ಕ್ರೂ ತಿರುಗಿಸುವವರನ್ನು ನೋಡಿದ್ದೇನೆ. ಕೆಳಗಿಳಿದರೆ ಮತ್ತೆ ಹಾಳು, ಯಾಕೆ ಬೇಕು ಹೇಳಿ?

ಏರ್ ಫಿಲ್ಟರ್ ವಿಷಯಕ್ಕೆ ಬಂದರೆ, ನಮ್ಮೂರಿನ ಕ್ರಷರ್ ಧೂಳಿಗೆ ಇದೇ ಮೊದಲು ಬಲಿ. ಎಣ್ಣೆ ಲೇಪಿಸಿದ ಪೇಪರ್ ಫಿಲ್ಟರ್ ಇದ್ದರೆ ಗಾಳಿ ಹೊಡೆಸಬೇಡಿ, ಬದಲಾಯಿಸಿ. ವಾಟರ್ ಸರ್ವೀಸ್‌ನಲ್ಲಿ ಕೇಳದೇ ಹೊಡೆದುಬಿಡುತ್ತಾರೆ, ಹತ್ತಿರ ನಿಂತಿರಿ.

ಇರಿಡಿಯಂ ಸ್ಪಾರ್ಕ್ ಪ್ಲಗ್ ಕೂಡ ಹಾಕಿಸಿ ನೋಡಿದೆ. ಇರಿಡಿಯಂ 2,400 ಡಿಗ್ರಿ ಸೆಲ್ಸಿಯಸ್ ದಾಟಿದ ಮೇಲೆ ಕರಗುವ ಲೋಹ, ಹಾಗಾಗಿ ತುದಿ ಬೇಗ ಸವೆಯುವುದಿಲ್ಲ, ಬಾಳಿಕೆ ನಿಜ. ಓಡಿಸುವಾಗ ಸಾದಾ ಹೊಸ ಪ್ಲಗ್‌ಗೂ ಇದಕ್ಕೂ ನನಗಂತೂ ಫರಕ್ ಗೊತ್ತಾಗಲಿಲ್ಲ. ಹೆಚ್ಚು ಆಕ್ಟೇನ್ ಪೆಟ್ರೋಲ್ ಕಥೆಯೂ ಇಷ್ಟೇ. ಆಕ್ಟೇನ್ ಹೆಚ್ಚಿದ್ದರೆ ತಡೆಯುವುದು ನಾಕಿಂಗ್ (ಪೆಟ್ರೋಲ್ ತಪ್ಪಾಗಿ ಉರಿದು ಎಂಜಿನ್ ಒಳಗೆ ಬಡಿತ ಬರುವುದು). ಅದು ಇಲ್ಲದ ಎಂಜಿನ್‌ಗೆ ಅದು ದುಬಾರಿ ಪೆಟ್ರೋಲ್, ಅಷ್ಟೇ.

ಏಪ್ರಿಲ್ 2020ರ ನಂತರದ ಬಿಎಸ್-6 (ಹೊಸ ಹೊಗೆ ನಿಯಮದ) ಸ್ಪ್ಲೆಂಡರ್ ಇರುವವರಿಗೆ ಕಾರ್ಬುರೇಟರ್ ಗೋಜಿಲ್ಲ, ಪೆಟ್ರೋಲ್ ಲೆಕ್ಕವನ್ನು ಇಸಿಯು ಎಂಬ ಗಾಡಿಯ ಪುಟ್ಟ ಕಂಪ್ಯೂಟರ್ ನೋಡಿಕೊಳ್ಳುತ್ತದೆ. ಟ್ಯಾಪೆಟ್, ಫಿಲ್ಟರ್, ಪ್ಲಗ್ ಮಾತ್ರ ಅದರಲ್ಲೂ ಇವೆ. ಹಾಂ, ಮೈಲೇಜೇ ನಿಮ್ಮ ಚಿಂತೆಯಾದರೆ ಎಂಜಿನ್ ಮುಟ್ಟುವ ಮೊದಲು ಟೈರ್ ಗಾಳಿ ನೋಡಿ, ಚೈನ್‌ಗೆ ಎಣ್ಣೆ ಬಿಡಿ, ಸೆಂಟರ್ ಸ್ಟ್ಯಾಂಡ್ ಹಾಕಿ ಹಿಂದಿನ ಚಕ್ರ ಕೈಯಲ್ಲಿ ತಿರುಗಿಸಿ. ಬ್ರೇಕ್ ಹಿಡಿದುಕೊಂಡಿದ್ದರೆ ಅಲ್ಲೇ ಗೊತ್ತಾಗುತ್ತದೆ.