ಡಾಲ್ಫಿನ್, ವ್ಯಾಗನ್‌ಆರ್: ತುಮಕೂರಿನಲ್ಲಿ ಎರಡನ್ನೂ ಓಡಿಸಿದ ಮೇಲೆ

ನಮ್ಮ ಮನೆಯಲ್ಲಿ ಎರಡು ಕಾರುಗಳಿವೆ. ಅಪ್ಪ ಕೊಂಡ ಸಿಪಾನಿ ಡಾಲ್ಫಿನ್ ಒಂದು, 1.2 ಲೀಟರ್ ವ್ಯಾಗನ್‌ಆರ್ ಇನ್ನೊಂದು. ಎರಡನ್ನೂ ವರ್ಷಗಟ್ಟಲೆ ಓಡಿಸಿದ್ದೇನೆ.

ಡಾಲ್ಫಿನ್ ಹೆಸರೇ ಕೇಳದವರು ಈಗ ಜಾಸ್ತಿ. ಇಂಗ್ಲೆಂಡಿನ ರಿಲಯಂಟ್ ಕಿಟನ್ ಕಾರನ್ನು ಬೆಂಗಳೂರಿನ ಸಿಪಾನಿ ಕಂಪನಿ 1982ರಿಂದ ಈ ಹೆಸರಲ್ಲಿ ತಯಾರಿಸಿತು. ಎರಡೇ ಬಾಗಿಲು, 848 ಸಿಸಿಯ ಅಲ್ಯೂಮಿನಿಯಂ ಎಂಜಿನ್, ಸ್ಟೀಲ್ ಚಾಸಿ (ಅಡಿಯ ಚೌಕಟ್ಟು) ಮೇಲೆ ಫೈಬರ್‌ಗ್ಲಾಸ್ ಬಾಡಿ. 1983ರ ಕೊನೆಗೆ ಮಾರುತಿ 800 ಬಂತು, ಜನ ಅತ್ತ ಹೋದರು. ಆದರೆ ತೂಕ ಕಡಿಮೆ ಅಂತ ರೇಸ್, ರ‍್ಯಾಲಿ ಓಡಿಸುವವರು ಇದನ್ನು ಇಷ್ಟಪಟ್ಟರು.

ಪುಟ್ಟ ಗಾಡಿಯ ಸುಖ ಮಂಡಿಪೇಟೆಯ ಇಕ್ಕಟ್ಟಿನಲ್ಲಿ ಸಿಗುತ್ತದೆ. ಲಾರಿಯಿಂದ ಮೂಟೆ ಇಳಿಸುವ ಹೊತ್ತಲ್ಲೂ ಇದು ಆಟೋ ಥರ ಸರಕ್ಕನೆ ತಿರುಗುತ್ತದೆ. ಅದೇ ಜಾಗದಲ್ಲಿ ವ್ಯಾಗನ್‌ಆರ್ ತಿರುಗಿಸಲು ರಿವರ್ಸ್ ಹಾಕಲೇಬೇಕು.

ಡಾಲ್ಫಿನ್‌ನ ಫೈಬರ್ ಮೈಗೆ ತುಕ್ಕಿನ ಭಯವಿಲ್ಲ. ಒಮ್ಮೆ ಬೈಕ್ ತಗುಲಿ ಮೂಲೆ ಬಿರುಕು ಬಿಟ್ಟಿತ್ತು. ಫೈಬರ್ ಕೆಲಸದವರು ಸುತ್ತ ಉಜ್ಜಿ, ಒಳಗಿನಿಂದ ಗ್ಲಾಸ್ ಫೈಬರ್ ಮ್ಯಾಟ್ ಇಟ್ಟು, ಗಟ್ಟಿಯಾಗಲು ಹಾರ್ಡನರ್ ಬೆರೆಸಿದ ರೆಸಿನ್ (ಅಂಟು) ಹಚ್ಚಿದರು. ಗಾಳಿಗುಳ್ಳೆ ಉಳಿಯದಂತೆ ಬ್ರಷ್‌ನಿಂದ ಒತ್ತಿ ಒತ್ತಿ ಕೂರಿಸಿದರು. ಈಗ ಹುಡುಕಿದರೂ ಗುರುತು ಸಿಗಲ್ಲ. ಚಾಸಿಗೆ ಮಾತ್ರ ತುಕ್ಕು ಹಿಡಿಯುತ್ತದೆ. ಮಳೆಗಾಲ ಮುಗಿದ ಮೇಲೆ ಅಡಿಭಾಗ ನೋಡಿಸಲೇಬೇಕು.

ಬ್ರೇಕ್ ವಿಷಯದಲ್ಲಿ ರಾಜಿ ಇಲ್ಲ. ಡಾಲ್ಫಿನ್‌ನ ನಾಲ್ಕೂ ಚಕ್ರಕ್ಕೆ ಡ್ರಮ್ ಬ್ರೇಕ್. ಡ್ರಮ್ ಕಾದರೆ ಹಿಡಿತ ಸಡಿಲ. ದೇವರಾಯನದುರ್ಗ ಇಳಿಯುವಾಗ ಎಂಜಿನ್ನೇ ವೇಗ ತಡೆಯಲಿ ಅಂತ ಸೆಕೆಂಡ್ ಗೇರ್ ಬಿಡುವುದೇ ಇಲ್ಲ, ಕಾಲನ್ನು ಸುಮ್ನೆ ಬ್ರೇಕ್ ಮೇಲೆ ಇಟ್ಟುಕೊಂಡಿರುವುದೂ ಇಲ್ಲ. ವ್ಯಾಗನ್‌ಆರ್‌ನಲ್ಲಿ ಮುಂದೆ ಡಿಸ್ಕ್ ಬ್ರೇಕ್, ಎಬಿಎಸ್ (ಜೋರಾಗಿ ಬ್ರೇಕ್ ಒತ್ತಿದರೂ ಚಕ್ರ ಲಾಕ್ ಆಗದಂತೆ ತಡೆಯುವ ವ್ಯವಸ್ಥೆ), ಏರ್‌ಬ್ಯಾಗ್ ಎಲ್ಲ ಇವೆ. ಹಾಗಾಗಿ ಹೆಂಡತಿ ಮಕ್ಕಳ ಜೊತೆ ಬೆಂಗಳೂರಿಗೆ ಹೊರಟರೆ ಅದನ್ನೇ ತೆಗೆಯುತ್ತೇನೆ. 341 ಲೀಟರ್ ಡಿಕ್ಕಿ ಇದೆ, ಊರಿಂದ ಬರುವಾಗ ರಾಗಿ ಮೂಟೆ, ತೆಂಗಿನಕಾಯಿ ಆರಾಮಾಗಿ ಹಿಡಿಯುತ್ತವೆ. ಎಸಿ ಬಗ್ಗೆ ಹೇಳಬೇಕಾ? ಏಪ್ರಿಲ್‌ನಲ್ಲಿ ಬಿ.ಎಚ್. ರಸ್ತೆಯ ಸಿಗ್ನಲ್‌ನಲ್ಲಿ ನಿಂತವರಿಗೆ ಗೊತ್ತು.

ಹಳೆ ಕಾರಿಗೆ ಈಗಿನ ಪೆಟ್ರೋಲ್ ಕೂಡ ಒಗ್ಗಲ್ಲ. ಶೇ. 20 ಎಥನಾಲ್ ಇರುವುದರಿಂದ ಹಳೆಯ ರಬ್ಬರ್ ಪೈಪು, ಕಾರ್ಬುರೇಟರ್ ಗ್ಯಾಸ್ಕೆಟ್ ಹಾಳಾಗುತ್ತವೆ. ಎಥನಾಲ್ ತಡೆಯುವ ಪೈಪು ಹಾಕಿಸಿದ್ದೇನೆ. 15 ವರ್ಷ ದಾಟಿದ ಗಾಡಿ ಆದ್ದರಿಂದ 5 ವರ್ಷಕ್ಕೊಮ್ಮೆ ಆರ್‌ಸಿ (ನೋಂದಣಿ ಪತ್ರ) ನವೀಕರಣ. ವಿಂಟೇಜ್ ನೋಂದಣಿಗೆ 50 ವರ್ಷ ತುಂಬಿರಬೇಕು, ಡಾಲ್ಫಿನ್‌ಗೆ ಇನ್ನೂ ಆ ವಯಸ್ಸಾಗಿಲ್ಲ.

ಮನೆಗೆ ಒಂದೇ ಕಾರು ಸಾಕು ಅನ್ನುವವರು ಕಣ್ಣು ಮುಚ್ಚಿ ವ್ಯಾಗನ್‌ಆರ್ ತೆಗೆದುಕೊಳ್ಳಿ. ಡಾಲ್ಫಿನ್ ಆಸೆ ಇದ್ದರೆ ಬಣ್ಣ ನೋಡಿ ಅಡ್ವಾನ್ಸ್ ಕೊಡಬೇಡಿ. ಗಾಡಿಯನ್ನು ಲಿಫ್ಟ್‌ಗೆ ಹತ್ತಿಸಿ ಚಾಸಿ ಪರೀಕ್ಷೆ ಮಾಡಿಸಿ, ಆರ್‌ಸಿ ಚಾಲ್ತಿಯಲ್ಲಿದೆಯಾ ಕೇಳಿ.