500 ಸ್ಪೈನ್ ಕಾರ್ಬನ್ ಶಾಫ್ಟ್, ರಿಕರ್ವ್ ಬಿಲ್ಲು, ಬ್ರಾಡ್‌ಹೆಡ್: ಕೆಲವು ವರ್ಷ ಬಳಸಿದ ಮೇಲೆ

ಮೊದಲೇ ಹೇಳಿಬಿಡುತ್ತೇನೆ. ಶಾಫ್ಟ್, ಅಂದರೆ ಬಾಣದ ಕೋಲು, ಚೆನ್ನಾಗಿದೆ, ಮುಗಿದರೆ ಮತ್ತೆ ಇದನ್ನೇ ತರಿಸುತ್ತೇನೆ. ಆದರೆ ಡಬ್ಬದಿಂದ ತೆಗೆದು, ಬ್ರಾಡ್‌ಹೆಡ್ (ಬೇಟೆಗೆ ಹಾಕುವ ಅಲಗಿನ ಮೊನೆ) ತಿರುಗಿಸಿ, ಸೀದಾ ಕಾಡಿಗೆ ಹೋಗೋಣ ಅಂತಿದ್ದರೆ ಇದು ನಿಮಗಲ್ಲ. ಹಾಗೆ ನೋಡಿದರೆ ಯಾವ ಶಾಫ್ಟೂ ಅಲ್ಲ.

ನಾನಿರುವುದು ಮಿಷಿಗನ್‌ನಲ್ಲಿ. ಬಿಲ್ಲು ಸ್ಯಾಮಿಕ್ ಸೇಜ್, 62 ಇಂಚಿನ ಟೇಕ್‌ಡೌನ್ (ಬಿಚ್ಚಿ ಜೋಡಿಸುವ) ರಿಕರ್ವ್ (ತುದಿ ಹೊರಕ್ಕೆ ಬಾಗಿದ ಬಿಲ್ಲು), 45 ಪೌಂಡಿನ ಲಿಂಬ್ (ಬಾಗುವ ಪಟ್ಟಿ). ಆ 45 ಅನ್ನುವುದು 28 ಇಂಚು ಎಳೆದಾಗಿನ ಲೆಕ್ಕ. ನಾನು ಎಳೆಯುವುದು 27, ಹಾಗಾಗಿ ಬೆರಳಿಗೆ ಬರುವುದು 42-43 ಇರಬಹುದು. ಗುರಿ ನೋಡುವ ಸೈಟ್ ಇಲ್ಲ, ಬಾಣ ಕೂರಿಸುವ ರೆಸ್ಟ್ ಇಲ್ಲ, ಬಾಣ ಹಿಡಿಯ ಮೇಲಿನ ಚಾಚು, ಅಂದರೆ ಶೆಲ್ಫ್ ಮೇಲೆಯೇ ಕೂರುತ್ತದೆ. ಶಾಫ್ಟ್ ಮರದ ಗೆರೆ ಕಾಣುವ ಹಾಗೆ ಬಣ್ಣ ಬಳಿದ ಕಾರ್ಬನ್. ಈ ತರದ್ದನ್ನು ಬೇರೆ ಬೇರೆ ಕಂಪನಿಗಳು ಮಾಡುತ್ತವೆ, ನನ್ನದರ ಹೆಸರು ಇಲ್ಲಿ ಬೇಡ.

ಸ್ಪೈನ್ ಅಂದರೆ ಶಾಫ್ಟ್ ಎಷ್ಟು ಬಾಗುತ್ತದೆ ಅನ್ನುವ ಅಳತೆ. ಅದು 500 ಅಂದರೆ ಏನು ಅಂತ ತುಂಬಾ ಜನ ಕೇಳುತ್ತಾರೆ. ಶಾಫ್ಟನ್ನು 28 ಇಂಚು ದೂರದ ಎರಡು ಆಧಾರದ ಮೇಲಿಟ್ಟು, ಮಧ್ಯಕ್ಕೆ 1.94 ಪೌಂಡ್ ತೂಕ ನೇತುಹಾಕಿದಾಗ ಅದು ಅರ್ಧ ಇಂಚು, ಅಂದರೆ 0.500 ಇಂಚು ಬಾಗುತ್ತದೆ. ಸಂಖ್ಯೆ ಜಾಸ್ತಿ ಆದಷ್ಟೂ ಶಾಫ್ಟ್ ಮೆತ್ತಗೆ. ಮರದ ಬಾಣಕ್ಕೆ 26 ಇಂಚು, 2 ಪೌಂಡಿನ ಬೇರೆಯೇ ಲೆಕ್ಕ ಇದೆ, ಎರಡನ್ನೂ ಬೆರೆಸಬೇಡಿ. ಆದರೆ ಇದೆಲ್ಲ ಬಾಣ ಸುಮ್ಮನೆ ಮಲಗಿದ್ದಾಗಿನ ಕಥೆ. ಹೆದೆ ಬಿಟ್ಟ ಕ್ಷಣ ಬಾಣ ಬಿಲ್ಲಿನ ಪಕ್ಕದಲ್ಲಿ ಬಳುಕಿಕೊಂಡು ಹೋಗುತ್ತದಲ್ಲ, ಆಗ ಎಷ್ಟು ಬಳುಕುತ್ತದೆ ಅನ್ನುವುದನ್ನು ಶಾಫ್ಟಿನ ಉದ್ದ, ಮುಂದಿನ ತೂಕ, ನೀವು ಎಳೆಯುವ ಪೌಂಡ್ ಎಲ್ಲ ಸೇರಿ ತೀರ್ಮಾನಿಸುತ್ತವೆ.

ಇಲ್ಲೇ ಫೀಲ್ಡ್ ಪಾಯಿಂಟ್, ಅಂದರೆ ಅಲಗಿಲ್ಲದ ಅಭ್ಯಾಸದ ಮೊನೆ, ನಮ್ಮನ್ನು ಯಾಮಾರಿಸುವುದು. ಬಾಣ ಅಡ್ಡಡ್ಡ ಹೊರಟರೂ ಹಿಂದಿನ ಗರಿ ಅದನ್ನು ಎಳೆದು ಸರಿ ಮಾಡುತ್ತದೆ. ಟಾರ್ಗೆಟ್‌ಗೆ ಹೋಗಿ ನೋಡಿದರೆ ಎಲ್ಲವೂ ಒಟ್ಟಿಗೆ ನಾಟಿರುತ್ತವೆ, ನಮಗೂ ಖುಷಿ. ಅದೇ ಬಾಣಕ್ಕೆ ಅದೇ ತೂಕದ ಬ್ರಾಡ್‌ಹೆಡ್ ಹಾಕಿ, ಅರ್ಧ ಅಡಿ ಪಕ್ಕಕ್ಕೆ ಹೋಗುತ್ತದೆ. ಯಾಕೆ? ಬ್ರಾಡ್‌ಹೆಡ್‌ನ ಅಲಗು ಮುಂದೆ ಕಟ್ಟಿದ ರೆಕ್ಕೆ ಇದ್ದ ಹಾಗೆ. ಬಾಣ ಓರೆಯಾಗಿ ಹೊರಟರೆ ಅದಕ್ಕೆ ಗಾಳಿ ಸಿಗುತ್ತದೆ, ಅದು ತನ್ನ ಕಡೆ ಎಳೆಯುತ್ತದೆ, ಹಿಂದಿನ ಗರಿ ಇನ್ನೊಂದು ಕಡೆ ಎಳೆಯುತ್ತದೆ. ಜನ ಬ್ರಾಡ್‌ಹೆಡ್‌ನ್ನು ಬೈದುಕೊಂಡು ಇನ್ನೊಂದು ಬ್ರ್ಯಾಂಡ್ ತರಿಸುತ್ತಾರೆ. ಬಾಣ ಮೊದಲಿನಿಂದಲೂ ಹಾಗೇ ಹಾರುತ್ತಿತ್ತು, ಗೊತ್ತಾಗಿದ್ದು ಈಗ, ಅಷ್ಟೇ.

ಅದಕ್ಕೇ ನಾನು ಬ್ರಾಡ್‌ಹೆಡ್ ಮುಟ್ಟುವ ಮುಂಚೆ ಗರಿ ಇಲ್ಲದ ಬಾಣ ಹೊಡೆದು ನೋಡುತ್ತೇನೆ. ಎರಡು ಶಾಫ್ಟಿಗೆ ಗರಿ ಇರುವುದಿಲ್ಲ, ಉಳಿದದ್ದೆಲ್ಲ ಗರಿ ಇರುವ ಬಾಣದ ಹಾಗೆಯೇ. ಮೊದಲು ಎಂಟು ಹತ್ತು ಗಜದಿಂದ, ಆಮೇಲೆ ಹದಿನೈದು, ಇಪ್ಪತ್ತು. ಬಲಗೈಯವರಿಗೆ ಲೆಕ್ಕ ಹೀಗೆ: ಗರಿ ಇಲ್ಲದ್ದು ಗರಿ ಇರುವ ಗುಂಪಿನ ಬಲಕ್ಕೆ ಬಿದ್ದರೆ ಬಾಣ ಮೆತ್ತಗಾಯಿತು, ಎಡಕ್ಕೆ ಬಿದ್ದರೆ ಗಟ್ಟಿಯಾಯಿತು. ಎಡಗೈಯವರಿಗೆ ಉಲ್ಟಾ. ನಾಕ್ (ಹೆದೆಗೆ ಸಿಕ್ಕಿಸುವ ಬಾಣದ ಹಿಂದಿನ ಕಚ್ಚು) ಯಾವ ಕಡೆ ವಾಲಿದೆ ಅನ್ನುವುದನ್ನು ನಾನು ಅಷ್ಟಾಗಿ ನಂಬುವುದಿಲ್ಲ, ಟಾರ್ಗೆಟ್ ಒಳಗಿನ ಹುಲ್ಲೋ ಫೋಮೋ ಬಾಣವನ್ನು ತಿರುಚಿಬಿಡುತ್ತದೆ. ಎಲ್ಲಿ ಬಿತ್ತು, ಅದೇ ಮುಖ್ಯ.

ಶಾಫ್ಟನ್ನು ಪೂರ್ತಿ ಉದ್ದ ತರಿಸಿ, ಅಂಗಡಿಯಲ್ಲೇ ಕತ್ತರಿಸಿಕೊಡಿ ಅನ್ನಬೇಡಿ. ಉದ್ದ ಇದ್ದಾಗ ಬಾಣ ಮೆತ್ತಗೆ, ಬಲಕ್ಕೆ ಬೀಳುತ್ತದೆ. ಹಿಂದಿನಿಂದ ಕಾಲಿಂಚು ಕತ್ತರಿಸಿ, ತುದಿಯನ್ನು ಸಮ ಉಜ್ಜಿ, ಮತ್ತೆ ಹೊಡೆಯಿರಿ. ಸ್ವಲ್ಪ ಎಡಕ್ಕೆ ಸರಿದಿರುತ್ತದೆ. ಮತ್ತೆ ಕಾಲಿಂಚು. ಗುಂಪಿನ ಹತ್ತಿರ ಬಂದ ಮೇಲೆ ಒಂದು ಸಲಕ್ಕೆ ಎಂಟನೇ ಒಂದು ಇಂಚು ಮಾತ್ರ, ಯಾಕೆಂದರೆ ಕತ್ತರಿಸಿದ್ದನ್ನು ವಾಪಸ್ ಅಂಟಿಸೋಕೆ ಆಗಲ್ಲ. ಇನ್ನೊಂದು ಕಾರಣವೂ ಇದೆ. ವಿಪರೀತ ಗಟ್ಟಿ ಬಾಣ ಬಿಲ್ಲಿನ ಪಕ್ಕಕ್ಕೆ ಬಡಿದು ಚಿಮ್ಮಿ, ಮೆತ್ತಗಿನ ಬಾಣದ ಹಾಗೆ ಬಲಕ್ಕೆ ಬೀಳುವುದೂ ಉಂಟು. ಉದ್ದದಿಂದ ಶುರು ಮಾಡಿದರೆ ಆ ಗೊಂದಲವೇ ಇಲ್ಲ. ನನ್ನದು ನಿಂತಿದ್ದು 29 ಮುಕ್ಕಾಲು ಇಂಚಿಗೆ, 100 ಗ್ರೇನ್ ಹಿತ್ತಾಳೆ ಇನ್ಸರ್ಟ್ (ಮೊನೆ ತಿರುಗಿಸಲು ಶಾಫ್ಟಿನೊಳಗೆ ಅಂಟಿಸುವ ತುಂಡು), 125 ಗ್ರೇನ್ ಪಾಯಿಂಟ್. 125 ಗ್ರೇನ್ ಅಂದರೆ ಸುಮಾರು 8 ಗ್ರಾಂ. ನಿಮ್ಮ ಬಿಲ್ಲಿಗೆ, ನಿಮ್ಮ ಕೈಗೆ ಈ ಅಳತೆ ಹೊಂದಲೇಬೇಕು ಅಂತೇನಿಲ್ಲ, ಕಾಪಿ ಹೊಡೆಯಬೇಡಿ.

ಮೇಲೆ ಕೆಳಗೆ ಆಗುವುದು ನಾಕಿಂಗ್ ಪಾಯಿಂಟ್‌ನ, ಅಂದರೆ ಹೆದೆಯ ಮೇಲೆ ನಾಕ್ ಕೂರುವ ಗುರುತಿನ ಕೆಲಸ. ಗರಿ ಇಲ್ಲದ್ದು ಕೆಳಗೆ ಬಿದ್ದರೆ ಅದನ್ನು ಕೆಳಗೆ ಇಳಿಸಿ, ಮೇಲೆ ಬಿದ್ದರೆ ಮೇಲೆ ಏರಿಸಿ. ಹಿತ್ತಾಳೆ ಬಳೆಗಿಂತ ದಾರ ಸುತ್ತಿ ಕಟ್ಟಿದ್ದು ವಾಸಿ, ತಿರುಗಿಸಿದರೆ ಕೂದಲೆಳೆಯಷ್ಟು ಜರುಗಿಸಬಹುದು. ಮೂರೂ ಬೆರಳು ನಾಕ್ ಕೆಳಗೆ ಹಿಡಿಯುವವರಿಗೆ ಸಾಮಾನ್ಯವಾಗಿ ಸ್ವಲ್ಪ ಎತ್ತರವೇ ಬೇಕಾಗುತ್ತದೆ.

ಇಷ್ಟಾದ ಮೇಲೆ ಬ್ರಾಡ್‌ಹೆಡ್. ಇಲ್ಲಿನ ಕಾನೂನಿಗೆ ಕನಿಷ್ಠ 7/8 ಇಂಚು ಅಗಲ ಇರಬೇಕು. ಶುರುವಿನಲ್ಲಿ ಒಂದು ಅಗ್ಗದ ಪ್ಯಾಕ್ ತರಿಸಿದ್ದೆ. ಬಾಣವನ್ನು ಮೊನೆಯ ಮೇಲೆ ನಿಲ್ಲಿಸಿ ಬುಗುರಿಯ ತರ ತಿರುಗಿಸಿದರೆ ಅಲಗು ಶಾಫ್ಟಿಗೆ ಸೇರುವ ಜಾಗದಲ್ಲಿ ಕಣ್ಣಿಗೆ ಕಾಣುವಷ್ಟು ಅಲ್ಲಾಟ. ಅಂಥದ್ದನ್ನು ಯಾವ ಟ್ಯೂನಿಂಗೂ ಉಳಿಸಲ್ಲ. ಕೆಲವೊಮ್ಮೆ ತಪ್ಪು ಬ್ರಾಡ್‌ಹೆಡ್‌ದಲ್ಲ, ಇನ್ಸರ್ಟ್ ಸೊಟ್ಟ ಕೂತಿರುತ್ತದೆ. ಅದಕ್ಕೇ ಇನ್ಸರ್ಟ್‌ಗೆ ಕಡಿಮೆ ಶಾಖಕ್ಕೆ ಕರಗುವ ಹಾಟ್ ಮೆಲ್ಟ್ ಅಂಟು ಬಳಸಿ. ಫೀಲ್ಡ್ ಪಾಯಿಂಟ್ ತಿರುಗಿಸಿ, ಅದರ ತುದಿಯನ್ನು ಮಾತ್ರ ಕಾಯಿಸಿದರೆ ಸ್ವಲ್ಪ ಹೊತ್ತಿಗೆ ಇನ್ಸರ್ಟ್ ಸಡಿಲವಾಗುತ್ತದೆ, ತಿರುಗಿಸಿ ಮತ್ತೆ ಕೂರಿಸಬಹುದು. ಕಾರ್ಬನ್‌ಗೆ ನೇರ ಬೆಂಕಿ ತೋರಿಸಿದರೆ ಶಾಫ್ಟ್ ಹಾಳು. ಈಗ ಹಾಕುತ್ತಿರುವುದು ಎರಡು ಅಲಗಿನ 125 ಗ್ರೇನ್. ಇಪ್ಪತ್ತು ಗಜದಲ್ಲಿ ಫೀಲ್ಡ್ ಪಾಯಿಂಟ್ ಜೊತೆಗೇ ಬೀಳುತ್ತದೆ. ಅಭ್ಯಾಸಕ್ಕೆ ಅಂತ ಒಂದನ್ನು ಬೇರೆ ಇಟ್ಟುಬಿಟ್ಟಿದ್ದೇನೆ. ಫೋಮ್‌ಗೆ ಹೊಡೆದ ಅಲಗು ಮೊಂಡಾಗುತ್ತದೆ, ಮೊಂಡ ಅಲಗು ಹಿಡಿದು ಜಿಂಕೆ ಮುಂದೆ ಕೂರಬಾರದು.

ಯಾರೂ ಹೇಳದ ಒಂದು ವಿಷಯ ಇದೆ, ಜಾಕೆಟ್. ಇಲ್ಲಿ ಬಿಲ್ಲಿನ ಸೀಸನ್ ಅಕ್ಟೋಬರ್ 1ಕ್ಕೆ ಶುರು, ನವೆಂಬರ್ 14ರವರೆಗೆ, ಆಮೇಲೆ ಡಿಸೆಂಬರ್‌ನಲ್ಲಿ ಮತ್ತೆ. ಟ್ಯೂನ್ ಮಾಡುವುದು ಆಗಸ್ಟ್‌ನಲ್ಲಿ, ಟೀ ಶರ್ಟ್ ಹಾಕಿಕೊಂಡು. ನವೆಂಬರ್ ಚಳಿಗೆ ದಪ್ಪ ಜಾಕೆಟ್, ಗ್ಲೌಸ್ ಹಾಕಿದರೆ ಎಳೆತ ಅರ್ಧ ಇಂಚು ಕಡಿಮೆಯಾಗುತ್ತದೆ. ಪೌಂಡ್ ಇಳಿಯಿತು, ಅಂದರೆ ಅದೇ ಬಾಣ ಈಗ ಗಟ್ಟಿ, ಬ್ರಾಡ್‌ಹೆಡ್ ಎಡಕ್ಕೆ. ಇದರ ಮೇಲೆ ತೋಳು ಹೆದೆಗೆ ತಾಗಿದರೆ ಕೇಳಲೇಬೇಡಿ. ಹಾಗಾಗಿ ಕೊನೆಯ ಪರೀಕ್ಷೆ ಬೇಟೆಯ ಬಟ್ಟೆಯಲ್ಲೇ ಆಗಬೇಕು, ಸೆಖೆ ಆದರೂ ಸರಿ. ನಾನು ಬಾಣವನ್ನು ಕೂದಲಷ್ಟು ಮೆತ್ತಗಿನ ಕಡೆಗೇ ಬಿಟ್ಟಿರುತ್ತೇನೆ, ಇದೇ ಕಾರಣಕ್ಕೆ.

ಹೆದೆಯ ಮೇಲೂ ಕಣ್ಣಿರಲಿ. ಡೇಕ್ರಾನ್ ಹೆದೆ ಹಿಗ್ಗುತ್ತದೆ, ಬ್ರೇಸ್ ಹೈಟ್ (ಹಿಡಿಯಿಂದ ಹೆದೆಗಿರುವ ದೂರ) ಇಳಿಯುತ್ತದೆ, ಅದರ ಜೊತೆ ಟ್ಯೂನ್ ಕೂಡ. ಸೇಜ್‌ಗೆ ಏಳೂವರೆಯಿಂದ ಎಂಟೂಕಾಲು ಇಂಚು ಅನ್ನುತ್ತಾರೆ. ಆ ಮಧ್ಯೆ ಬಿಲ್ಲು ಎಲ್ಲಿ ಸದ್ದು ಕಡಿಮೆ ಮಾಡುತ್ತದೋ ಅಲ್ಲಿ ನಿಲ್ಲಿಸಿ, ಬರೆದಿಟ್ಟುಕೊಳ್ಳಿ.

ಶಾಫ್ಟಿನ ದೂರುಗಳು? ಇವೆ. ಮರದ ಬಣ್ಣ ಫೋಮ್ ತಿಕ್ಕಿ ತಿಕ್ಕಿ ಮುಂದಿನ ಭಾಗದಲ್ಲಿ ಎದ್ದುಹೋಗಿದೆ. ಕಂಪನಿಯವರು ಅಂಟಿಸಿ ಕಳಿಸಿದ್ದ ನಾಲ್ಕಿಂಚಿನ ಮೂರು ಗರಿ ಫೀಲ್ಡ್ ಪಾಯಿಂಟ್‌ಗೆ ಸಾಕು, ಬ್ರಾಡ್‌ಹೆಡ್‌ಗೆ ಸಾಲದು ಅನಿಸಿ ಐದಿಂಚಿನದು ಹಾಕಿಕೊಂಡೆ. ಪ್ಲಾಸ್ಟಿಕ್ ಬೇಡ, ಅದು ಶೆಲ್ಫ್‌ಗೆ ತಗುಲಿ ಬಾಣವನ್ನು ಒದೆಯುತ್ತದೆ. ಗರಿ ಆದರೆ ಮಡಚಿಕೊಂಡು ಹೋಗುತ್ತದೆ, ಆದರೆ ಮಳೆಯಲ್ಲಿ ಒದ್ದೆ ಬೆಕ್ಕಿನ ಬಾಲ. ಬಾಳಿಕೆ ಬಗ್ಗೆ ಮಾತೇ ಇಲ್ಲ, ನೇರವಾಗೇ ಉಳಿದಿವೆ. ಕಲ್ಲಿಗೋ ಮರಕ್ಕೋ ಬಡಿದರೆ ಮಾತ್ರ ಮೆಲ್ಲಗೆ ಬಾಗಿಸಿ ಕಿವಿಗೊಡಿ, ಚಿಟಪಟ ಸದ್ದು ಬಂದರೆ ಎಸೆಯಿರಿ. ಸೀಳಿದ ಕಾರ್ಬನ್ ಬಿಡುವಾಗ ಮುರಿದರೆ ಕೈಗೇ ಚುಚ್ಚುತ್ತದೆ.

ಊರಲ್ಲಿ, ಅಂದರೆ ಭಾರತದಲ್ಲಿ, ವನ್ಯಜೀವಿ ಕಾಯ್ದೆ ಪ್ರಕಾರ ಬೇಟೆ ಇಲ್ಲ, ಹಾಗಾಗಿ ಅಲ್ಲಿರುವವರಿಗೆ ಬ್ರಾಡ್‌ಹೆಡ್ ಭಾಗ ಬೇಡ. ಟಾರ್ಗೆಟ್ ಹೊಡೆಯುವವರಿಗೆ ಗರಿ ಇಲ್ಲದ ಬಾಣದ ಪರೀಕ್ಷೆ ಹಾಗೇ ಅನ್ವಯಿಸುತ್ತದೆ.

30-35 ಪೌಂಡಿನ ಬಿಲ್ಲು ಇರುವವರು 500 ತಗೋಬೇಡಿ, ಗಟ್ಟಿಯಾಗುತ್ತದೆ, 600 ಅಥವಾ 700 ನೋಡಿ. ಕೆಲವು ಅಂಗಡಿಗಳು ಬೇರೆ ಬೇರೆ ಸ್ಪೈನ್‌ನ ಒಂದೊಂದೇ ಶಾಫ್ಟ್ ಇರುವ ಟೆಸ್ಟ್ ಕಿಟ್ ಮಾರುತ್ತವೆ, ಡಜನ್‌ಗೆ ದುಡ್ಡು ಹಾಕುವ ಮುಂಚೆ ಅದನ್ನು ತರಿಸಿ.