ಬಿಡುಗಡೆಯ ದಿನ ಘೋಷಿಸುವ ಮುನ್ನ: ಉಡುಪು ತಯಾರಿಕೆಯ ‘10 ವಾರ’ದ ಬಗ್ಗೆ ಎಚ್ಚರಿಕೆ

ಸ್ವಂತ ಹೆಸರಿನಲ್ಲಿ ಉಡುಪುಗಳ ಮೊದಲ ಸಂಗ್ರಹವನ್ನು ಹೊರತರಲು ಹೊರಟವರಿಗೆ ತಯಾರಕರಾಗಲಿ ಮಧ್ಯವರ್ತಿಗಳಾಗಲಿ ಕೊಡುವ ಮೊದಲ ಭರವಸೆ ಅವಧಿಯದು: ‘10 ವಾರಗಳಲ್ಲಿ ಸರಕು ನಿಮ್ಮ ಕೈಯಲ್ಲಿರುತ್ತದೆ.’ ಆ ಮಾತು ಶುದ್ಧ ಸುಳ್ಳೆಂದು ನಾನು ಹೇಳುತ್ತಿಲ್ಲ. ಆ ವಾರಗಳನ್ನು ಯಾವ ದಿನದಿಂದ ಎಣಿಸುತ್ತಾರೆ ಎಂಬುದನ್ನು ಬರಹದಲ್ಲಿ ಪಡೆಯುವವರೆಗೆ ಬಿಡುಗಡೆಯ ದಿನಾಂಕವನ್ನು ಯಾರಿಗೂ ಹೇಳಬೇಡಿ ಎಂದಷ್ಟೇ ಹೇಳುತ್ತಿದ್ದೇನೆ. ಚಳಿಗಾಲಕ್ಕೆಂದು ರೂಪಿಸಿದ ನಮ್ಮ ಸಂಗ್ರಹವು ಚಳಿ ಮುಗಿಯುವ ಹೊತ್ತಿಗೆ ಗೋದಾಮು ತಲುಪಿತು. ಅಷ್ಟರಲ್ಲಿ ಮುಂಗಡ ಕೊಟ್ಟಿದ್ದ ಗ್ರಾಹಕರಲ್ಲಿ ಅನೇಕರು ಹಣ ಹಿಂದಕ್ಕೆ ಪಡೆದಿದ್ದರು.

ನಾವು ಒಪ್ಪಂದ ಮಾಡಿಕೊಂಡದ್ದು ಪ್ಯಾಟರ್ನಿನಿಂದ (ಬಟ್ಟೆ ಕತ್ತರಿಸಲು ಬಳಸುವ ನಕ್ಷೆ) ಪ್ಯಾಕಿಂಗ್‌ವರೆಗೆ ಎಲ್ಲವನ್ನೂ ತಾನೇ ನೋಡಿಕೊಳ್ಳುವುದಾಗಿ ಹೇಳಿದ ಒಂದು ಮಧ್ಯವರ್ತಿ ಸಂಸ್ಥೆಯೊಂದಿಗೆ. ಸಂಗ್ರಹವೂ ದೊಡ್ಡದೇನಲ್ಲ: ಲೈನಿಂಗ್ ಇರುವ ಒಂದು ಜಾಕೆಟ್, ಹತ್ತಿಯ ಜರ್ಸಿ (ಹೆಣೆದ, ಹಿಗ್ಗುವಂಥ) ಬಟ್ಟೆಯ ಮೇಲಂಗಿಗಳು, ಒಂದೆರಡು ಶರ್ಟು ಮತ್ತು ಪ್ಯಾಂಟು. ಮುಂಗಡ ಸಂದಾಯವಾದ ಕೂಡಲೇ ಅವರು ಕಳುಹಿಸಿದ ಒಂದು ಪುಟದ ವೇಳಾಪಟ್ಟಿಯಲ್ಲಿ ಸ್ಯಾಂಪಲ್, ಒಪ್ಪಿಗೆ, ಬಟ್ಟೆ, ಹೊಲಿಗೆ, ರವಾನೆ ಎಂದು ಒಂದರ ಕೆಳಗೊಂದು ಚೊಕ್ಕವಾಗಿ ಬರೆದಿತ್ತು. ಅದನ್ನು ಆಧರಿಸಿ ದಿನಾಂಕ ಪ್ರಕಟವಾಯಿತು, ಛಾಯಾಗ್ರಾಹಕರನ್ನು ಗೊತ್ತುಮಾಡಿದ್ದಾಯಿತು, ಮುಂಗಡ ಆರ್ಡರುಗಳೂ ಬಂದವು. ತಡವೇಕೆ ಎಂದು ಕೇಳಿದಾಗ ಬಂದ ಉತ್ತರ ಮಾತ್ರ ಬೇರೆ: 10 ವಾರಗಳ ಎಣಿಕೆ ಶುರುವಾಗುವುದು ಕೊನೆಯ ಸ್ಯಾಂಪಲ್ ಒಪ್ಪಿಗೆಯಾಗಿ, ಬಟ್ಟೆ ಮತ್ತು ಬಿಡಿ ಸಾಮಗ್ರಿಗಳೆಲ್ಲ ಕಾರ್ಖಾನೆಗೆ ಬಂದು ಬಿದ್ದ ದಿನದಿಂದ. ಅದಕ್ಕೆ ಮೊದಲಿನದೆಲ್ಲ ‘ಸಿದ್ಧತೆ’ಯಂತೆ. ಮುಂಗಡ ಕೇಳುವಾಗ ಈ ಸಿದ್ಧತೆಯ ಪ್ರಸ್ತಾಪವನ್ನೇ ಅವರು ಎತ್ತಿರಲಿಲ್ಲ.

ಆ ಸಿದ್ಧತೆಯಲ್ಲಿ ಏನೇನಿದೆ ಎಂಬುದನ್ನು ಹೊಸಬರು ಬಿಡಿಸಿ ನೋಡಬೇಕು. ಮೊದಲು ಅಳತೆ, ಹೊಲಿಗೆಯ ಬಗೆ, ಬಟ್ಟೆ, ಗುಂಡಿ, ಲೇಬಲ್ ಎಲ್ಲವನ್ನೂ ದಾಖಲಿಸುವ ಟೆಕ್ ಪ್ಯಾಕ್, ಅದರಿಂದ ಪ್ಯಾಟರ್ನ್, ಪ್ಯಾಟರ್ನಿನಿಂದ ಆಕಾರ ನೋಡಲು ಪ್ರೋಟೋ ಸ್ಯಾಂಪಲ್, ಮೈಗೆ ಹೇಗೆ ಕೂರುತ್ತದೆಂದು ಪರೀಕ್ಷಿಸಲು ಫಿಟ್ ಸ್ಯಾಂಪಲ್, ಗ್ರೇಡಿಂಗ್ (ಪ್ಯಾಟರ್ನನ್ನು ಬೇರೆ ಬೇರೆ ಅಳತೆಗಳಿಗೆ ಹೊಂದಿಸುವುದು) ಆದ ಮೇಲೆ ಪ್ರತಿ ಅಳತೆಯ ಒಂದೊಂದು ಉಡುಪಿರುವ ಸೈಜ್ ಸೆಟ್, ಕೊನೆಗೆ ನಿಜವಾದ ಬಟ್ಟೆ, ನಿಜವಾದ ಜಿಪ್, ನಿಜವಾದ ಲೇಬಲ್‌ಗಳಿಂದ ಹೊಲಿದ, ಉತ್ಪಾದನೆಗೆ ಮಾದರಿಯಾಗುವ ಪ್ರೀ-ಪ್ರೊಡಕ್ಷನ್ ಸ್ಯಾಂಪಲ್. ಒಂದೊಂದು ಸುತ್ತಿಗೂ ಹೊಲಿಗೆ, ರವಾನೆ, ಪರಿಶೀಲನೆ ಸೇರಿ ಎರಡು ಮೂರು ವಾರ ಹಿಡಿಯುವುದು ಸಾಮಾನ್ಯ. ಲೈನಿಂಗ್ ಇರುವ ಜಾಕೆಟ್ಟಿನಂಥ ಉಡುಪು ಮೊದಲ ಸುತ್ತಿನಲ್ಲೇ ಒಪ್ಪಿಗೆಯಾಗುವುದು ಅಪರೂಪ. ನಮಗೆ ಸಿಕ್ಕ ವೇಳಾಪಟ್ಟಿಯಲ್ಲಿ ಮಾತ್ರ ಎಲ್ಲ ಸ್ಯಾಂಪಲ್‌ಗಳೂ ಒಂದೇ ಸಲಕ್ಕೆ ಸರಿಹೋಗಿಬಿಟ್ಟಿದ್ದವು! ತಿದ್ದುಪಡಿಯ ಸುತ್ತಿಗೆ ಅದರಲ್ಲಿ ಒಂದು ಸಾಲೂ ಇರಲಿಲ್ಲ.

ಜಾಕೆಟ್ಟಿನ ಕಂಕುಳ ಭಾಗ ಬಿಗಿಯಾಗಿತ್ತು, ತೋಳೆತ್ತಿದರೆ ಇಡೀ ಅಂಗಿಯೇ ಮೇಲಕ್ಕೇರುತ್ತಿತ್ತು. ಅಳತೆ ಸಮೇತ ನಾವು ಬರೆದು ಕಳುಹಿಸಿದ ಟಿಪ್ಪಣಿಯನ್ನು ಮಧ್ಯವರ್ತಿಯು ಕಾರ್ಖಾನೆಗೆ ದೂರವಾಣಿಯಲ್ಲಿ ಬಾಯಿಮಾತಿನಿಂದ ದಾಟಿಸಿದ್ದರಿಂದ ಎರಡನೆಯ ಸ್ಯಾಂಪಲ್ ಕೂಡ ಅದೇ ದೋಷ ಹೊತ್ತು ಬಂತು. ನಂತರದ ಸುತ್ತನ್ನು ಅವರ ಲೆಕ್ಕದ ಪುಸ್ತಕದಲ್ಲಿ ‘ಗ್ರಾಹಕರು ಕೋರಿದ ಬದಲಾವಣೆ’ ಎಂದು ನಮೂದಿಸಿ, ಅದರ ಶುಲ್ಕವನ್ನೂ ವಿಳಂಬವನ್ನೂ ನಮ್ಮ ತಲೆಗೆ ಕಟ್ಟಿದರು. ಆದ್ದರಿಂದ ಪ್ಯಾಟರ್ನ್ ತಿದ್ದುವ ವ್ಯಕ್ತಿಗೆ ನಿಮ್ಮ ಟಿಪ್ಪಣಿ ಬರಹದ ರೂಪದಲ್ಲೇ ತಲುಪುತ್ತದೆಯೇ ಎಂದು ಮೊದಲೇ ಕೇಳಿ. ತಲುಪದಿದ್ದರೆ ಸುತ್ತುಗಳ ಸಂಖ್ಯೆಯನ್ನು ಯಾರೂ ಊಹಿಸಲಾರರು.

ಬಟ್ಟೆಯ ವಿಷಯದಲ್ಲಿ ಸಮಯ ಇನ್ನೂ ಹೆಚ್ಚು ಸೋರುತ್ತದೆ. ಆರಂಭದ ಸ್ಯಾಂಪಲ್‌ಗಳನ್ನು ಸಾಮಾನ್ಯವಾಗಿ ಕೈಗೆ ಸಿಕ್ಕ, ಹೋಲುವಂಥ ಬಟ್ಟೆಯಲ್ಲಿ ಹೊಲಿಯುತ್ತಾರೆ. ನಿಮ್ಮ ಬಣ್ಣದ ನಿಮ್ಮ ಬಟ್ಟೆ ಆಗ ಇನ್ನೂ ಹುಟ್ಟಿರುವುದಿಲ್ಲ. ಬಣ್ಣ ಹಾಕುವ ಘಟಕವು ಮೊದಲು ಸಣ್ಣ ತುಂಡುಗಳ ಮೇಲೆ ಲ್ಯಾಬ್ ಡಿಪ್ (ಬಣ್ಣದ ಪ್ರಯೋಗ) ಮಾಡಿ ಕಳುಹಿಸಬೇಕು, ಮುದ್ರಿತ ವಿನ್ಯಾಸವಾದರೆ ಸ್ಟ್ರೈಕ್-ಆಫ್ (ಪ್ರಾಯೋಗಿಕ ಮುದ್ರಣದ ತುಂಡು) ಬರಬೇಕು, ಒಪ್ಪಿಗೆಯಾಗದಿದ್ದರೆ ಮತ್ತೊಮ್ಮೆ. ಒಂದು ಲ್ಯಾಬ್ ಡಿಪ್ ಸುತ್ತಿಗೆ ವಾರದಿಂದ 10 ದಿನ ಬೇಕಾಗುತ್ತದೆ. ಒಪ್ಪಿಗೆಯ ನಂತರ ಹೊಸದಾಗಿ ನೇಯ್ದು ಬಣ್ಣ ಹಾಕುವ ಬಟ್ಟೆಗೆ ತಿಂಗಳಿಂದ ಎರಡು ತಿಂಗಳಾದರೂ ಹಿಡಿಯುತ್ತದೆ. ನೂಲಿಗೇ ಬಣ್ಣ ಹಾಕಿ ನೇಯುವ ಚೌಕಳಿ ಅಥವಾ ಪಟ್ಟೆ ಬಟ್ಟೆಗೆ ಇನ್ನೂ ಹೆಚ್ಚು. ದಾಸ್ತಾನಿನಲ್ಲಿರುವ ಸಿದ್ಧ ಬಟ್ಟೆಯನ್ನು ಕೊಂಡರೆ ಈ ಕಾಲವೆಲ್ಲ ಉಳಿಯುತ್ತದೆ, ಮೊದಲ ಸಂಗ್ರಹಕ್ಕೆ ನಾನು ಅದನ್ನೇ ಸೂಚಿಸುತ್ತೇನೆ. ಮತ್ತೆ ಅದೇ ಬಣ್ಣ ಬೇಕೆಂದಾಗ ಅದು ಸಿಗದೆ ಹೋಗಬಹುದು ಎಂಬುದನ್ನು ಮಾತ್ರ ಒಪ್ಪಿಕೊಂಡಿರಬೇಕು.

ಗಡುವು ಹತ್ತಿರವಾದಂತೆ ಮಧ್ಯವರ್ತಿಯು ಲ್ಯಾಬ್ ಡಿಪ್‌ನ ಛಾಯಾಚಿತ್ರವನ್ನು ಮೊಬೈಲಿಗೆ ಕಳುಹಿಸಿ, ‘ಈಗಲೇ ಒಪ್ಪಿದರೆ ಒಂದು ವಾರ ಉಳಿಯುತ್ತದೆ’ ಎಂದು ಒತ್ತಾಯಿಸತೊಡಗಿದರು. ಇದಕ್ಕೆ ಯಾರೂ ಮಣಿಯಬಾರದು. ಕ್ಯಾಮೆರಾ ಮತ್ತು ಪರದೆ ಎರಡೂ ಬಣ್ಣವನ್ನು ತಮ್ಮದೇ ರೀತಿಯಲ್ಲಿ ಬದಲಿಸುತ್ತವೆ. ಅದು ಸಾಲದೆಂಬಂತೆ, ಒಂದು ಬೆಳಕಿನಲ್ಲಿ ಹೊಂದುವ ಎರಡು ಬಣ್ಣಗಳು ಇನ್ನೊಂದರಲ್ಲಿ ಬೇರೆಯಾಗಿ ಕಾಣುವ ಮೆಟಮೆರಿಸಂ ಎಂಬ ಸಮಸ್ಯೆಯೂ ಇದೆ. ಆ ಕಾರಣಕ್ಕಾಗಿಯೇ ಹಗಲ ಬೆಳಕನ್ನು ಪ್ರತಿನಿಧಿಸುವ ಡಿ65 ಮತ್ತು ಅಂಗಡಿಯ ಬೆಳಕನ್ನು ಹೋಲುವ ಟಿಎಲ್84ನಂಥ ದೀಪಗಳ ಕೆಳಗೆ ಬಟ್ಟೆಯ ತುಂಡನ್ನೇ ಇಟ್ಟು ನೋಡುವ ಪದ್ಧತಿ ಬೆಳೆದುಬಂದಿದೆ. ನಮ್ಮ ಜಾಕೆಟ್ ಮತ್ತು ಪ್ಯಾಂಟು ಬೇರೆ ಬೇರೆ ನೂಲಿನವು, ಒಟ್ಟಿಗೆ ತೊಡಲೆಂದೇ ರೂಪಿಸಿದವು. ದೀಪದಡಿ ಒಂದೇ ಬಣ್ಣದಂತಿದ್ದ ಆ ಎರಡು ತುಂಡುಗಳು ಕಿಟಕಿಯ ಬಳಿ ಬಂದಾಗ ಒಂದು ಹಸಿರಿಗೂ ಇನ್ನೊಂದು ಕೆಂಪಿಗೂ ವಾಲಿದವು.

ಹತ್ತಿಯ ಜರ್ಸಿಯದು ಬೇರೆ ಕಥೆ. ಸಿಂಗಲ್ ಜರ್ಸಿ ಬಟ್ಟೆ ಒಗೆದಾಗ ಉದ್ದದಲ್ಲಿ ಶೇ 5ರಷ್ಟು, ಕೆಲವೊಮ್ಮೆ ಇನ್ನೂ ಹೆಚ್ಚು ಕುಗ್ಗುತ್ತದೆ; ಆ ಕುಗ್ಗುವಿಕೆಯನ್ನು ಅಳೆದು ಪ್ಯಾಟರ್ನಿಗೆ ಕೂಡಿಸಬೇಕು, ಸುರುಳಿಯಲ್ಲಿ ಎಳೆದು ಸುತ್ತಿದ ಬಟ್ಟೆಯನ್ನು ಕತ್ತರಿಸುವ ಮೊದಲು ಬಿಚ್ಚಿ ಸುಮಾರು 24 ಗಂಟೆ ಸಡಿಲವಾಗಿ ಹಾಸಿಡಬೇಕು. ಬದಲಿ ಬಟ್ಟೆಯಲ್ಲಿ ಹೊಲಿದ ಸ್ಯಾಂಪಲ್ ಎಷ್ಟೇ ಚೆನ್ನಾಗಿ ಕೂತರೂ ಈ ವಿಷಯದಲ್ಲಿ ಏನನ್ನೂ ಹೇಳಲಾರದು. ನಿಜವಾದ ಬಟ್ಟೆಯ ಮೇಲಂಗಿಯನ್ನು ಒಗೆದು ಅಳೆದಾಗ ಮಧ್ಯಮ ಅಳತೆಯದು ಚಿಕ್ಕ ಅಳತೆಯದಾಗಿತ್ತು. ಪ್ಯಾಟರ್ನ್, ಗ್ರೇಡಿಂಗ್, ಸೈಜ್ ಸೆಟ್ ಮೂರೂ ಮತ್ತೆ ಮೊದಲಿನಿಂದ ನಡೆದವು.

ಬಿಡಿ ಸಾಮಗ್ರಿಗಳ ಬಗ್ಗೆ ಹೆಚ್ಚು ಹೇಳಬೇಕಿಲ್ಲ. ಬಟ್ಟೆಯ ಬಣ್ಣಕ್ಕೆ ಹೊಂದುವ ಜಿಪ್ಪಿಗೂ ಬಣ್ಣದ ಒಪ್ಪಿಗೆ ಬೇಕು, ಹೆಸರು ಕೆತ್ತಿದ ಗುಂಡಿಗೆ ಅಚ್ಚು ಬೇಕು, ಯಾವ ನಾರು ಶೇಕಡಾ ಎಷ್ಟಿದೆ ಎಂಬ ವಿವರವಿರುವ ಲೇಬಲ್ ಅನೇಕ ದೇಶಗಳಲ್ಲಿ ಕಾನೂನಿನ ಪ್ರಕಾರ ಕಡ್ಡಾಯ. ಒಂದು ಲೇಬಲ್ ಬಾರದಿದ್ದರೆ ಹೊಲಿದು ಮುಗಿಸಿದ ಉಡುಪೂ ಪೆಟ್ಟಿಗೆ ಸೇರುವುದಿಲ್ಲ. ನಮ್ಮ ಶರ್ಟುಗಳು ಹಾಗೆಯೇ ಬಿದ್ದಿದ್ದವು.

ಕ್ಯಾಲೆಂಡರನ್ನು ಪ್ರತ್ಯೇಕವಾಗಿ ಪರಿಶೀಲಿಸಿ. ನಿಮ್ಮ ಬಟ್ಟೆಯಾಗಲಿ ಜಿಪ್ಪಾಗಲಿ ಚೀನಾದಿಂದ ಬರುವುದಿದ್ದರೆ, ಜನವರಿ 21 ಮತ್ತು ಫೆಬ್ರವರಿ 20ರ ನಡುವೆ ಬೀಳುವ ಅಲ್ಲಿನ ಹೊಸ ವರ್ಷದ ರಜೆಯನ್ನು ಎಲ್ಲಕ್ಕಿಂತ ಮೊದಲು ಗುರುತಿಸಬೇಕು: ರಜೆಗೆ ಮುಂಚೆ ಎಲ್ಲರ ಆರ್ಡರುಗಳೂ ಒಟ್ಟಿಗೆ ನುಗ್ಗುತ್ತವೆ, ರಜೆಯ ನಂತರ ಊರಿಗೆ ಹೋದ ಕಾರ್ಮಿಕರು ಮರಳಿ ಕೆಲಸ ವೇಗ ಪಡೆಯಲು ಮತ್ತಷ್ಟು ಕಾಲ ಬೇಕು. ಹಡಗಿನ ರವಾನೆಗೂ ಅವಕಾಶ ಬಿಟ್ಟಿರಬೇಕು. 2021ರ ಮಾರ್ಚ್ 23ರಂದು ಎವರ್ ಗಿವನ್ ಹಡಗು ಸೂಯೆಜ್ ಕಾಲುವೆಗೆ ಅಡ್ಡ ಸಿಲುಕಿ 29ರವರೆಗೆ ಅಲ್ಲೇ ಉಳಿದಾಗ ನೂರಾರು ಹಡಗುಗಳು ಕಾದು ನಿಂತದ್ದನ್ನು ಎಲ್ಲರೂ ಕಂಡಿದ್ದಾರೆ. ಅಂಥದ್ದು ಪ್ರತಿ ವರ್ಷ ನಡೆಯುವುದಿಲ್ಲ, ಆದರೆ ಬಂದರಿನ ದಟ್ಟಣೆ ಮತ್ತು ಸುಂಕದ ತಪಾಸಣೆ ನಡೆಯುತ್ತಲೇ ಇರುತ್ತವೆ. ನಮ್ಮ ವೇಳಾಪಟ್ಟಿಯಲ್ಲಿ ಒಂದು ರಜೆಯೂ ಇರಲಿಲ್ಲ. ಕೊನೆಗೆ ಸರಕಿನ ಒಂದು ಭಾಗವನ್ನು ವಿಮಾನದಲ್ಲಿ ತರಿಸಬೇಕಾಯಿತು, ಆ ಬಾಡಿಗೆಯಲ್ಲೇ ಆ ಉಡುಪುಗಳ ಲಾಭ ಕರಗಿಹೋಯಿತು.

ತಡವಾದ ಸಮಯವನ್ನು ತುಂಬಿಕೊಳ್ಳಲು ಅವರು ಮುಂದಿಟ್ಟ ಕೊನೆಯ ಸಲಹೆ ತಪಾಸಣೆಯನ್ನೇ ಕೈಬಿಡುವುದು. ತಪಾಸಣೆಗೆ ಹಿಡಿಯುವ ಕಾಲವಾದರೂ ಎಷ್ಟು? ಐಎಸ್‌ಒ 2859-1 ಮಾನದಂಡದ ಸಾಮಾನ್ಯ ಮಟ್ಟದಲ್ಲಿ 500 ಉಡುಪುಗಳ ಸರಕಿನಿಂದ 50 ತೆಗೆದು ನೋಡಿದರೆ ಸಾಕು; ಎಕ್ಯೂಎಲ್ (ಒಪ್ಪಬಹುದಾದ ದೋಷದ ಮಿತಿ) 2.5ರ ಪ್ರಕಾರ ದೋಷವಿರುವವು 3ರವರೆಗಿದ್ದರೆ ಸರಕನ್ನು ಸ್ವೀಕರಿಸಬಹುದು, 4 ಸಿಕ್ಕರೆ ತಿರಸ್ಕರಿಸಬೇಕು. ಒಂದು ದಿನದ ಕೆಲಸ. ನಾವು ಪಟ್ಟು ಹಿಡಿದು ಮಾಡಿಸಿದಾಗ ಜಾಕೆಟ್ಟುಗಳು ತೇರ್ಗಡೆಯಾಗಲಿಲ್ಲ, ಲೈನಿಂಗಿನ ಹೊಲಿಗೆಯನ್ನು ಬಿಚ್ಚಿ ಮತ್ತೆ ಹೊಲಿಸಬೇಕಾಯಿತು.

ಹಾಗಾದರೆ ಎಷ್ಟು ಕಾಲ ಇಟ್ಟುಕೊಳ್ಳಬೇಕು? ವಿನ್ಯಾಸ ಕೈಯಲ್ಲಿರುವ ದಿನದಿಂದ ಸರಕು ಗೋದಾಮಿಗೆ ಬರುವವರೆಗೆ ಮೊದಲ ಸಂಗ್ರಹಕ್ಕೆ 9ರಿಂದ 12 ತಿಂಗಳು ಎಂಬುದು ನನ್ನ ಅಭಿಪ್ರಾಯ. ಇದು ಅತಿಯೆನಿಸಿದರೆ ದೊಡ್ಡ ಸಂಸ್ಥೆಗಳನ್ನು ನೋಡಿ: ಫೆಬ್ರವರಿ-ಮಾರ್ಚ್‌ನ ಫ್ಯಾಷನ್ ವೀಕ್‌ಗಳಲ್ಲಿ ತೋರಿಸುವುದು ಆ ವರ್ಷದ ಕೊನೆಯ ಶರತ್ಕಾಲ-ಚಳಿಗಾಲದ ಉಡುಪು, ಸೆಪ್ಟೆಂಬರ್-ಅಕ್ಟೋಬರ್‌ನಲ್ಲಿ ತೋರಿಸುವುದು ಮುಂದಿನ ವರ್ಷದ ವಸಂತ-ಬೇಸಿಗೆಯದು, ಬಟ್ಟೆಯ ಆಯ್ಕೆ ಅದಕ್ಕೂ ಎಷ್ಟೋ ಮೊದಲೇ ಮುಗಿದಿರುತ್ತದೆ. ಕೆಲವೇ ವಾರಗಳಲ್ಲಿ ಅಂಗಡಿ ತುಂಬುವ ಸಂಸ್ಥೆಗಳು ಬಟ್ಟೆಯನ್ನು ದಾಸ್ತಾನಿಟ್ಟು, ಕಾರ್ಖಾನೆಯ ಸಾಲುಗಳನ್ನು ಮುಂಚಿತವಾಗಿ ಕಾಯ್ದಿರಿಸಿರುತ್ತವೆ. ಹೊಸಬರಿಗೆ ಆ ಎರಡೂ ಅನುಕೂಲ ಇರುವುದಿಲ್ಲ.

ಅಂಗಡಿಗೆ ಸರಕು ಬೇಕಾದ ದಿನದಿಂದ ಹಿಂದಕ್ಕೆ ಎಣಿಸುತ್ತ ಬನ್ನಿ, ಪ್ರತಿ ಉಡುಪಿಗೂ ಕನಿಷ್ಠ ಎರಡು ತಿದ್ದುಪಡಿ ಸುತ್ತುಗಳನ್ನು ಬರೆದುಕೊಳ್ಳಿ, ಸಂಗ್ರಹದಲ್ಲಿ ಅತಿ ಕಷ್ಟದ ಉಡುಪಿನ ಕಾಲವನ್ನೇ ಇಡೀ ಸಂಗ್ರಹದ ಕಾಲವೆಂದು ತಿಳಿಯಿರಿ. ಸರಕು ತಪಾಸಣೆಯಲ್ಲಿ ತೇರ್ಗಡೆಯಾಗುವವರೆಗೆ ಸಾರ್ವಜನಿಕರಿಗೆ ಋತುವನ್ನು ಹೇಳಿದರೆ ಸಾಕು, ದಿನಾಂಕ ಬೇಡ. ಮಧ್ಯವರ್ತಿಯ ಮುಂದೆ ಇಡಬೇಕಾದ ಷರತ್ತುಗಳು ಎರಡು: ಪಾವತಿಯ ಎರಡನೆಯ ಕಂತು ಕ್ಯಾಲೆಂಡರಿನ ಯಾವ ದಿನಕ್ಕೂ ಸೇರದೆ, ನೀವು ಸಹಿ ಹಾಕಿದ ಪ್ರೀ-ಪ್ರೊಡಕ್ಷನ್ ಸ್ಯಾಂಪಲ್‌ಗೆ ಸೇರಿರಬೇಕು, ಮತ್ತು ಅವರು ಹೇಳುವ ವಾರಗಳ ಮೊದಲ ದಿನ ಯಾವುದೆಂದು ಒಪ್ಪಂದದ ಮುಖ್ಯ ಪುಟದಲ್ಲೇ ಬರೆದಿರಬೇಕು. ನಮ್ಮ ಮಧ್ಯವರ್ತಿಗಳು ಎರಡನೆಯ ಕಂತನ್ನು ಒಂದು ತಾರೀಖಿಗೆ ಕಟ್ಟಿಹಾಕಿದ್ದರು; ಆ ತಾರೀಖು ಬಂದಾಗ ಜಾಕೆಟ್ಟಿನ ಬಟ್ಟೆ ಇನ್ನೂ ಬಣ್ಣದ ಘಟಕದಲ್ಲೇ ಇತ್ತು, ಹಣ ಮಾತ್ರ ಕೊಡಲೇಬೇಕಾಯಿತು.